ಅರ್ಕಾವೊತ್ತು

ರಾತ್ರಿ ಯಾವಾಗ ಬಂದು ಮಾಡಿ ಹೋದರೋ ಏನೋ.
ಮುಂಜಾನೆ ಪ್ರೆಸ್ಸಿನ ಶೆಟರ್ ಎತ್ತಿ, ಊದಿನಕಡ್ಡಿ ಹಚ್ಚಿ
ಕಂಪ್ಯೂಟರ್ ಚಾಲೂ ಮಾಡಿದರ
ಬ್ರೌಸರ್ ಹೊಸಾ ಅಂಗಿ ತೊಟ್ಟು ಕುಂತಿತ್ತು:
ಅಪ್‌ಡೇಟ್ ಆಗೇನಿ, ಏನೇನು ಹೊಸಾದೈತಿ ನೋಡ.
ನೋಡಿದೆ.
ಮ್ಯಾಲಿನ ಬಲಮೂಲ್ಯಾಗ
ಮೆಂತೆ ಎಲಿಯಷ್ಟು ಹಸರು ಗುಂಡಿ ಇರತಿತ್ತು,
ಬೂದಿ ಬಣ್ಣ ಆಗಿತ್ತು.

ಆ ಆಡ್‌ಆನ್ ಹೆಸರು ತಿರುವು.
ಒಂಬತ್ತು ವರ್ಷ ನನ್ನ ಕೂಡ ದುಡದಿತ್ತು, ಪಗಾರ ಕೇಳದ.
ಹಳೇ ಫಾಂಟಿನ ಮ್ಯಾಟರ್ ಅಂದರ ಏನು ಅಂತ
ಗದಗಿನ ಪ್ರೆಸ್ಸಿನವರಿಗೆ ಹೇಳಬೇಕಾಗಿಲ್ಲ:
ಕನ್ನಡ ಅಂತ ಕಳಿಸಿರತಾರ, ತಗದು ನೋಡಿದರ
ಪೌಂಡಿನ ಗುರುತು, ತಲಿಮ್ಯಾಲೆ ಟೊಪಗಿ ಇಟ್ಟ ಫರಂಗಿ ಅಕ್ಷರ,
ನಡುವ ಒಂದು ಡಾಲರ್.
ಗುಂಡಿ ಒತ್ತಿದರ ಸಾಕು,
ಟೊಪಗಿ ತಗದು ಎಲ್ಲಾರೂ ನಮ್ಮವರಾಗತಿದ್ದರು.

ಇವತ್ತ ಒತ್ತಿದೆ. ಇನ್ನೊಮ್ಮೆ ಒತ್ತಿದೆ.
ಮುಚ್ಚಿ ತಗದೆ. ತಗದು ಮುಚ್ಚಿದೆ.
ಈ ಆವೃತ್ತಿಗೆ ಹೊಂದುವುದಿಲ್ಲ ಅಂತ
ಸರಕಾರಿ ಕನ್ನಡದಾಗ ಒಂದು ಸಾಲು.
ಫಕೀರೇಶ ಹೊಸಾದೊಂದು ಹುಡುಕಿ ಹಾಕಿದ.
ಅದು ಬಾಳ ಶ್ಯಾಣ್ಯಾ, ಎಲ್ಲಾ ತಿರುವಿತು,
ಅರ್ಕಾವೊತ್ತು ಒಂದು ಬಿಟ್ಟು.

ಮುಳಗುಂದದವರ ಲಗ್ನಪತ್ರಿಕಿ. ಮದುಮಗಳು ಊರ್ಮಿಳಾ.
ತೆರಿಮ್ಯಾಲೆ ಊಮಿಳಾ,
ನಡುವ ಬಾಲ ಮುರಕೊಂಡ ಒಂದು ಪರದೇಶಿ ಅಕ್ಷರ
ಯಾರದೋ ಹಂದರದಾಗ ದಾರಿತಪ್ಪಿ ನಿಂತಂಗ.
ಆಶೀರ್ವಾದ ಹೋಗಿ ಆಶೀವಾದ.
ಮುಹೂರ್ತ ಅಂತೂ ತಪ್ಪೇಬಿಟ್ಟಿತ್ತು.

ಅರ್ಕಾವೊತ್ತಿನ ಹಣೇಬಾರ ಅದು:
ಬಾಯಾಗ ಮೊದಲ ಬರತೈತಿ,
ಕಾಗದದ ಮ್ಯಾಲೆ ಹಿಂದ ನಿಂದ್ರತೈತಿ.
ಯಂತ್ರ ಬದಲಾದಾಗೊಮ್ಮೆ
ಎಲ್ಲಾರಕ್ಕಿಂತ ಮೊದಲ ಕಳದುಹೋಗತೈತಿ.

ದಾವಲಸಾಬಗ ಹೇಳಿದೆ. ಮೊಳಿ ಜೋಡಸೂ ಕಾಲದ ಕಂಪೋಜಿಟರ್,
ಈಗ ಬೈಂಡಿಂಗಿಗೆ ಕುಂಡ್ರತಾನ,
ಇವತ್ತಿಗೂ ಉಲ್ಟಾ ಅಕ್ಷರ ನೆಟ್ಟಗ ಓದತಾನ.
ದಾರಕ್ಕ ಮೇಣ ತಿಕ್ಕಿಕೋತನ ಅಂದ:
"ಒಮ್ಮೆ ಪಂಚಾಂಗದ ಕೆಲಸದಾಗ
ಅರ್ಕಾವೊತ್ತಿನ ಮೊಳಿ ತೀರಿದ್ದವು.
ಬೆಟಗೇರಿಗೆ ಹುಡುಗನ್ನ ಅಟ್ಟಿದೆ, ಅಲ್ಲಿನೂ ಇಲ್ಲ.
ಒಂಬತ್ತರ ಅಂಕಿ ತಗೊಂಡು ಕಾನಸಿಲೆ ತಿಕ್ಕಿದೆ."
"ಓದೋರಿಗೆ ಗೊತ್ತಾತು?"
"ಒಬ್ಬ ಮಾಸ್ತರ ಕಾರ್ಡ್ ಬರದಿದ್ದ,
ನಿಮ್ಮ ಅರ್ಕಾವೊತ್ತು ಬಾಳ ಚಂದ ಅದಾವು ಅಂತ."

ನನಗ ಕಾನಸು ಇಲ್ಲ, ಕೈಬೆರಳು ಅದಾವು.
ಮೂವತ್ತೊಂದು ಕಡೆ ಒಂದೊಂದ ತಿದ್ದಿದೆ.
ಸಂಜೀಕ ಊರ್ಮಿಳಾನ ಅಪ್ಪ ಬಂದು ಪ್ರೂಫ್ ನೋಡಿದರು,
ಊಟದ ಟೈಮ್ ಅಷ್ಟ ತಿದ್ದಸಿ ಹೋದರು.

ತಿರುವು ಮಾಡಿದವಗೂ ಬರದೆ.
ಹೆಸರಿದ್ದಿಲ್ಲ, ಬರೇ ಒಂದು ಈಮೇಲ್.
ಹನ್ನೊಂದು ದಿನಕ್ಕ ಉತ್ತರ ಬಂತು, ಸವಣೂರಿಂದ:
"ಅಕ್ಕಾರ, ನಾ ಈಗ ಸೋಲಾರ್ ಪಂಪಿನ ಅಂಗಡಿ ಇಟ್ಟೀನಿ.
ಕೋಡ್ ಮರತು ಬಾಳ ದಿನ ಆತು.
ನನ್ನ ಕಂಪ್ಯೂಟರಿನ್ಯಾಗೂ ಅದು ನಡೀವಲ್ದು.
ನೀವೊಬ್ಬರು ಬಳಸತಿದ್ದಿರಿ ಅಂತ ಗೊತ್ತಿದ್ದರ
ಕೈ ಬಿಡತಿದ್ದಿಲ್ಲ."
ಕಡೀ ಸಾಲು ಎರಡು ಸಲ ಓದಿದೆ.
ಒಂಬತ್ತು ವರ್ಷದಾಗ ಒಂದು ದಿನ
ಛಲೋ ಐತಿ ಅಂತ ಬರೀಬೇಕಿತ್ತು.

ಈಗ ಹಿಂದಿನ ಖೋಲ್ಯಾಗ, ಪೇಪರ್ ರಿಮ್ಮಿನ ಮಗ್ಗಲಕ
ಹಳೇ ಕಂಪ್ಯೂಟರ್ ಒಂದು ಕುಂದ್ರಸೇವಿ. ಹಳೇ ಬ್ರೌಸರ್, ಹಳೇ ತಿರುವು.
ನೆಟ್ಟಿನ ವಾಯರ್ ನಾನ ಕಿತ್ತೀನಿ,
ಹೊರಗ ಏನಾಗೇತಿ ಅಂತ ಅದಕ್ಕ ಸುದ್ದಿ ಮುಟ್ಟಬಾರದು.
ಪೆನ್‌ಡ್ರೈವ್ ಕೊರಳಾಗ ಹಾಕ್ಕೊಂಡು
ಎರಡರ ನಡುವ ಅಡ್ಡಾಡತೀನಿ.
ಅದರ ಗಡಿಯಾರದ ಸೆಲ್ಲೂ ಸತ್ತೈತಿ.
ದಿನಾ ಮುಂಜಾನೆ, ಇವತ್ತ ಜನವರಿ ಒಂದು, ಅನ್ನತೈತಿ.
ಹೂಂ ಅಂತೀನಿ.